ಜಡೆ ಮಾತ್ರ ಮೂಡಿದ ತಟ್ಟೆ

ರೇಷ್ಮೆಗೂಡು ಬೇಯಿಸುವ ವಾಸನೆ ಮೊಳಕಾಲ್ಮೂರಿನ ನನ್ನ ಬಾಲ್ಯದ್ದು. ಪಿಂಗಾಣಿ ಸುಡುವ ನನ್ನ ಭಟ್ಟಿಯ ಬಾಗಿಲು ತೆರೆದಾಗ ಅದೇ ವಾಸನೆ ಬಂತು; ಒಳಗಿದ್ದದ್ದು ಒಂದೇ ತಟ್ಟೆ.

ಮೊದಲು ಮರದ ಅಚ್ಚು ಕೆತ್ತಿ ಕಾಗದದ ಮೇಲೆ ಚಿತ್ರ ಒತ್ತುತ್ತಿದ್ದೆ. ಈಗ ಅದನ್ನೇ ತೆಳುಕಾಗದದಿಂದ ತಟ್ಟೆಗೆ ಇಳಿಸಿ ಸುಡುತ್ತೇನೆ. ಪಕ್ಕದ ಮನೆಯ ನೇಕಾರರ ಜ್ಯೋತಿಲಕ್ಷ್ಮಿ, ತೀರಿಹೋದ ಮಗಳು ರಂಜಿತಾಳ ಮುಖ ಮಾಡಿಕೊಡಲು ಕೇಳಿದ್ದಳು. ತಟ್ಟೆಯ ಮೇಲೆ ನಗುಮುಖ ಚೆನ್ನಾಗಿಯೇ ಕೂತಿತ್ತು. ಸುಡುವಾಗ ತಾಯಿ ಭಟ್ಟಿಯ ಪಕ್ಕ ಕಾದು ಕುಳಿತಳು.

ಬಿಸಿ ಭಟ್ಟಿಯಿಂದ ತೆಗೆದ ತಟ್ಟೆ ಬಾವಿನೀರಿನಂತೆ ತಣ್ಣಗಿತ್ತು. ಅದರಲ್ಲಿ ಮಗುವಿನ ಬೆನ್ನು ಮತ್ತು ಜಡೆ ಮಾತ್ರ ಇದ್ದವು.

“ಮುಖ ಎಲ್ಲೈತೆ ಅಕ್ಕಾರೆ? ಹಿಂದುಮುಂದು ಒತ್ತಿದ್ರೇನು?” ಎಂದು ಜ್ಯೋತಿಲಕ್ಷ್ಮಿ ನಕ್ಕಳು.

ಅದೇ ಅಚ್ಚಿನಿಂದ ಮತ್ತೆ ಮಾಡಿದೆ. ಅವಳು ಭಟ್ಟಿಯ ಪಕ್ಕ ಕುಳಿತಾಗಲೆಲ್ಲ ಜಡೆಯೇ ಬಂತು. ಅವಳು ಚಳ್ಳಕೆರೆಗೆ ಹೋಗಿದ್ದ ದಿನ ಮುಖ ಬಂತು. ಸಂಜೆ ಖುಷಿಯಿಂದ ಕರೆದೆ. ಅವಳು ಹೊಸಿಲು ದಾಟುತ್ತಿದ್ದಂತೆ ನನ್ನ ಕೈಯಲ್ಲಿದ್ದ ತಟ್ಟೆ ತಣ್ಣಗಾಯಿತು. ಮುಖ ಅತ್ತ ತಿರುಗಿತು.

“ಕೊನೇ ದಿನ ಬೈದಿದ್ದೆ. ಕೂಸಿಗೆ ಆ ಸಿಟ್ಟು ಇನ್ನೂ ಹೋಗಿಲ್ಲ ಬಿಡ್ರಿ. ನಿಮ್ಮತ್ರಾನೇ ಇರ್ಲಿ,” ಎಂದು ಹಿಂದೆ ಸರಿದಳು.

ಅವಳು ಹೋದ ಮೇಲೆ ರಂಜಿತಾ ನನ್ನನ್ನು ನೋಡಿ ನಗುತ್ತಿದ್ದಳು.

ಈಗ ಜ್ಯೋತಿಲಕ್ಷ್ಮಿ ದಿನಾ ಮಧ್ಯಾಹ್ನ ಹೊಸಿಲಾಚೆಯೇ ನಿಲ್ಲುತ್ತಾಳೆ. ಒಳಗೆ ನೋಡದೆ, ಇಬ್ಬರಿಗಾಗುವಷ್ಟು ಮುದ್ದೆ ಸಾರು ಒಂಟಿಯಾಗಿರುವ ನನ್ನ ಕೈಗೆ ಕೊಡುತ್ತಾಳೆ.