ಅವಳೇ ಟೈಪ್ ಮಾಡಿದ ವರದಿ

“ಯಂತ್ರ ತಪ್ಪು ಮಾಡುವುದಿಲ್ಲ. ತಪ್ಪುವುದು ಕೀ ಒತ್ತುವವರ ಕೈ.”

ಪರಿಚಯವಾಗಿ ಐದು ನಿಮಿಷವೂ ಆಗಿರಲಿಲ್ಲ. ಅಷ್ಟರಲ್ಲೇ ಆ ಯುವಕ ಹೀಗೆ ಹೇಳಿದ್ದು ಝೀಟಾಳಿಗೆ ಚುಚ್ಚಿತು.

1988ರ ಜನವರಿ. ಮಣಿಪಾಲದಲ್ಲಿದ್ದ ರಕ್ತದಾನಿಗಳ ಒಂದು ಸಣ್ಣ ಸಂಘದ ಕಚೇರಿಗೆ ಅಂದು ಕಂಪ್ಯೂಟರ್ ಬಂದಿತ್ತು. ಕಾಪುವಿನ ಝೀಟಾ ಮತಾಯಸ್ ಅಲ್ಲಿ ಮೂರು ವರ್ಷದಿಂದ ಟೈಪಿಸ್ಟ್. ಅವಳಿಗೆ ಇಪ್ಪತ್ತನಾಲ್ಕು ವರ್ಷ. ಕಂಪ್ಯೂಟರಿಗೆ ಪ್ರೋಗ್ರಾಂ ಬರೆದವನು ಕಾರ್ಕಳದ ಲಿಯೋನೆಲ್ ಮೆಂಡೋನ್ಸಾ. ಬೊಂಬಾಯಿಯಲ್ಲಿ ನಾಲ್ಕು ವರ್ಷ ಕೆಲಸ ಮಾಡಿ, ತಂದೆ ತೀರಿಕೊಂಡ ಮೇಲೆ ಊರಿಗೆ ಮರಳಿದವನು.

ಹಸಿರು ಅಕ್ಷರಗಳ ಪರದೆಯಲ್ಲಿ ಎರಡು ಭಾಗಗಳಿದ್ದವು. ಮೇಲೆ ದಾನಿಗಳ ಪಟ್ಟಿ, ಕೆಳಗೆ ಅವರಿಗೆ ಬರೆಯುವ ಪತ್ರ. ಎಫ್-6 ಕೀ ಒತ್ತಿದರೆ ಒಂದು ಸಾಲು ಅಳಿಸಿಹೋಗುತ್ತಿತ್ತು.

“ಮೇಲಿನ ಸಾಲಾ, ಕೆಳಗಿನದ್ದಾ?” ಎಂದು ಝೀಟಾ ಕೇಳಿದಳು.

ಅವನು ಪತ್ರದಲ್ಲಿ ಮಿಣುಕುತ್ತಿದ್ದ ಪುಟ್ಟ ಗೆರೆಯನ್ನು ತೋರಿಸಿದ. “ಈ ಗೆರೆ ಎಲ್ಲಿ ಉಂಟೋ ಅಲ್ಲಿಯದ್ದು. ಇದನ್ನು ನಂಬಿದರೆ ಸಾಕು.”

ಅವಳು ತಲೆಯಾಡಿಸಿದಳು. ಎಷ್ಟು ಜಂಬ ಇವನಿಗೆ... ಎಂದುಕೊಂಡಳು. ಆದರೆ ಹೋಗುವಾಗ ಅವನು ಅವಳ ಹಳೆಯ ಟೈಪ್‌ರೈಟರಿನ ಮೇಲೆ ತಾನೇ ಬಟ್ಟೆ ಹೊದಿಸಿ, ಇದನ್ನು ಯಾರಿಗೂ ಕೊಡಬೇಡಿ, ನಿಮ್ಮ ಕೈಗೆ ಒಗ್ಗಿದ ಯಂತ್ರ ಅಲ್ವಾ ಎಂದಿದ್ದ. ಬಸ್ಸಿನಲ್ಲಿ ಕುಳಿತ ಮೇಲೆ ಅವಳಿಗೆ ನೆನಪಾದದ್ದು ಆ ಮಾತೇ.

ಮಂಗಳವಾರ, ಶುಕ್ರವಾರ ಅವನು ಬರುತ್ತಿದ್ದ. ಕಾರ್ಡುಗಳಲ್ಲಿದ್ದ ಸಾವಿರದ ಇನ್ನೂರು ಹೆಸರುಗಳನ್ನು ಅವಳು ಒಂದೊಂದಾಗಿ ಕಂಪ್ಯೂಟರಿಗೆ ತುಂಬಿದಳು. ಅವನು ಪಕ್ಕದ ಕುರ್ಚಿಯಲ್ಲಿ ಕುಳಿತು ತಾಳೆ ನೋಡುತ್ತಿದ್ದ. ಹತ್ತೂವರೆಗೆ ಕ್ಯಾಂಟೀನಿನಿಂದ ಚಹಾ, ಬನ್ಸ್. ಕೆಲಸದ ಮಾತು ಮುಗಿದ ಮೇಲೂ ಮಾತು ಮುಗಿಯುತ್ತಿರಲಿಲ್ಲ. ಅವನು ಬೊಂಬಾಯಿಯ ಲೋಕಲ್ ರೈಲಿನ ಕಥೆ ಹೇಳುತ್ತಿದ್ದ. ಅವಳು ಮನೆಯಲ್ಲಿರುವ ಅಮ್ಮನ ಬಗ್ಗೆ, ದುಬಾಯಿಯಿಂದ ವರ್ಷಕ್ಕೊಮ್ಮೆ ಬರುವ ಅಣ್ಣ ಮೌರಿಸನ ಬಗ್ಗೆ ಹೇಳುತ್ತಿದ್ದಳು.

ಕಾರ್ಕಳದ ಬಸ್ಸು ಮಣಿಪಾಲದಲ್ಲೇ ನಿಲ್ಲುತ್ತಿತ್ತು. ಆದರೂ ಲಿಯೋನೆಲ್ ಸಂಜೆ ಅವಳ ಜೊತೆ ಎದುರು ದಿಕ್ಕಿಗೆ, ಉಡುಪಿಯವರೆಗೆ ಬರತೊಡಗಿದ. ಅಲ್ಲಿಯೇ ಹತ್ತಿದರೆ ಕೂರಲು ಸೀಟು ಸಿಗುತ್ತದೆ ಎಂದು ಅವನ ವಾದ. ಕಾಪುವಿನ ಬಸ್ಸು ಹೊರಟ ಮೇಲೆ ಕಿಟಕಿಯಿಂದ ಅವಳು ನೋಡುತ್ತಿದ್ದಳು. ಅವನ ಬಸ್ಸು ಎದುರಿಗೇ ನಿಂತಿದ್ದರೂ ಅವನು ಹತ್ತದೆ ಇವಳ ಬಸ್ಸನ್ನೇ ನೋಡುತ್ತಾ ನಿಂತಿರುತ್ತಿದ್ದ.

ಮನಸ್ಸಿನಲ್ಲಿದ್ದದ್ದನ್ನು ಇಬ್ಬರೂ ಹೇಳಲಿಲ್ಲ. ಹೇಳಲು ಅವಸರವೇನು ಎನ್ನುವಷ್ಟು ನೆಮ್ಮದಿ ಇತ್ತು ಆ ದಿನಗಳಲ್ಲಿ.

ಆಗಸ್ಟಿನಲ್ಲಿ ಒಮ್ಮೆ ಅವಳು, ಪತ್ರ ಪ್ರಿಂಟ್ ತೆಗೆದ ಮೇಲೆ ಎಫ್-6 ಕೀ ಸರಿಯಾಗಿ ಕೇಳುವುದಿಲ್ಲ, ಎರಡೆರಡು ಸಲ ಒತ್ತಬೇಕಾಗುತ್ತದೆ ಎಂದಳು. ಅವನು ಬಗ್ಗಿ ಒಮ್ಮೆ ಒತ್ತಿ ನೋಡಿದ. ಸಾಲು ಅಳಿಯಿತು. ಸರಿಯೇ ಉಂಟಲ್ಲ, ನಿಮಗೆ ಸುಸ್ತಾಗಿರಬೇಕು ಎಂದು ನಕ್ಕ. ಅವಳೂ ನಕ್ಕು ಸುಮ್ಮನಾದಳು.

ಅಕ್ಟೋಬರಿನ ಒಂದು ಮಧ್ಯಾಹ್ನ ಆಸ್ಪತ್ರೆಯಿಂದ ಫೋನ್ ಬಂತು. ಉಚ್ಚಿಲದ ಕುಶಲಾ ಎಂಬ ಹೆಂಗಸು, ಚೊಚ್ಚಲ ಹೆರಿಗೆ, ರಕ್ತಸ್ರಾವ ನಿಲ್ಲುತ್ತಿಲ್ಲ. ಓ ನೆಗೆಟಿವ್ ರಕ್ತ ತಕ್ಷಣ ಬೇಕು.

ಝೀಟಾ ಪಟ್ಟಿ ತೆರೆದಳು. ಒಂಬತ್ತು ಹೆಸರುಗಳಿರಬೇಕಿತ್ತು. ಇದ್ದದ್ದು ನಾಲ್ಕು. ಆ ನಾಲ್ವರಲ್ಲಿ ಒಬ್ಬರೂ ಊರಲ್ಲಿರಲಿಲ್ಲ. ಹಳೆಯ ಕಾರ್ಡುಗಳ ಪೆಟ್ಟಿಗೆಯ ಬೀಗದ ಕೈ ಕಾರ್ಯದರ್ಶಿ ಸರ್ವೋತ್ತಮ ಶೆಣೈಯವರ ಹತ್ತಿರ, ಅವರು ಮಂಗಳೂರಿಗೆ ಹೋಗಿದ್ದರು.

ಅವಳು ಕಣ್ಣು ಮುಚ್ಚಿದಳು. ತಾನೇ ಟೈಪ್ ಮಾಡಿದ ಹೆಸರುಗಳು... ಅಲೆವೂರು... ಪಾಸ್ಕಲ್. ಮನೆಯಲ್ಲಿ ಫೋನಿಲ್ಲವೆಂದು ಇಗರ್ಜಿ ಹತ್ತಿರದ ಅಂಗಡಿಯ ನಂಬರ್ ಕೊಟ್ಟಿದ್ದವರು. ಆ ನಂಬರ್ ಅವಳ ಬೆರಳಿಗೆ ನೆನಪಿತ್ತು.

ಮುಕ್ಕಾಲು ಗಂಟೆಯಲ್ಲಿ ಪಾಸ್ಕಲ್ ಗದ್ದೆಯ ಕೆಸರುಗಾಲಲ್ಲೇ ಆಸ್ಪತ್ರೆಗೆ ಬಂದರು. ಸಂಜೆಗೆ ಸುದ್ದಿ ಬಂತು, ತಾಯಿಯೂ ಮಗುವೂ ಕ್ಷೇಮ. ಝೀಟಾ ಬಚ್ಚಲಿಗೆ ಹೋಗಿ ಅತ್ತು, ಮುಖ ತೊಳೆದುಕೊಂಡು ಬಂದಳು.

ಆದರೆ ಐದು ಹೆಸರು ಎಲ್ಲಿ ಹೋದವು? ತಾಳೆ ನೋಡಿದರೆ ಇಡೀ ಪಟ್ಟಿಯಲ್ಲಿ ಅರುವತ್ತೊಂದು ಹೆಸರುಗಳು ಕಾಣೆಯಾಗಿದ್ದವು. ಶೆಣೈಯವರು ಲಿಯೋನೆಲನನ್ನು ಕರೆಸಿದರು. ಅವನು ಎರಡು ದಿನ ಪರೀಕ್ಷೆ ಮಾಡಿ, ಕೈಬರಹದಲ್ಲಿ ವರದಿ ಬರೆದು ಅವರ ಮೇಜಿನ ಮೇಲಿಟ್ಟು ಹೋದ.

ಶೆಣೈಯವರು ಅದನ್ನು ಟೈಪ್ ಮಾಡಲು ಕೊಟ್ಟದ್ದು ಝೀಟಾಳಿಗೇ. ಕಚೇರಿಯಲ್ಲಿ ಬೇರೆ ಟೈಪಿಸ್ಟ್ ಇರಲಿಲ್ಲ.

‘ಪ್ರೋಗ್ರಾಂನಲ್ಲಿ ದೋಷ ಕಂಡುಬಂದಿಲ್ಲ. ಕೀ ಒತ್ತಿದವರ ಅಜಾಗರೂಕತೆಯಿಂದ ಹೆಸರುಗಳು ಅಳಿದುಹೋಗಿವೆ.’

ಅವಳ ಹೆಸರು ಅದರಲ್ಲಿರಲಿಲ್ಲ. ಆದರೆ ಅಲ್ಲಿ ಕೀ ಒತ್ತುವವಳು ಅವಳೊಬ್ಬಳೇ.

ಅವಳು ಹಳೆಯ ಟೈಪ್‌ರೈಟರಿನ ಬಟ್ಟೆ ಸರಿಸಿ, ಒಂದಕ್ಷರ ತಪ್ಪದಂತೆ ವರದಿಯನ್ನು ಟೈಪ್ ಮಾಡಿದಳು. ಆಮೇಲೆ ಇನ್ನೊಂದು ಹಾಳೆ ಸಿಕ್ಕಿಸಿ ತನ್ನ ರಾಜೀನಾಮೆ ಟೈಪ್ ಮಾಡಿದಳು. ಎರಡನ್ನೂ ಒಟ್ಟಿಗೇ ಶೆಣೈಯವರ ಮುಂದಿಟ್ಟಳು. ಅವರು ತಡೆದರು, ಯಾರೂ ನಿನ್ನನ್ನು ಹೋಗು ಅನ್ನಲಿಲ್ಲ ಎಂದರು. ಅವಳು ಕೈಮುಗಿದು ಹೊರಟಳು.

ಮನೆಯಲ್ಲಿ ಅಮ್ಮ ಜೋನ್ ಬಾಯಿ ಕಾರಣ ಕೇಳಿದಾಗ ಬಸ್ಸಿನ ಓಡಾಟ ಸಾಕಾಯಿತು ಎಂದಳು. ಕಾಪು ಪೇಟೆಯ ಟೈಪಿಂಗ್ ತರಗತಿಯಲ್ಲಿ ಪಾಠ ಹೇಳಲು ಸೇರಿಕೊಂಡಳು. ದಿನಗಳು ಸಾಗಿದವು. ಆದರೆ ಸಂಜೆ ಆರಕ್ಕೆ ಉಡುಪಿಯ ಬಸ್ಸು ಬಂದು ನಿಂತ ಸದ್ದಾದರೆ ಅವಳ ಕಿವಿ ಆ ಕಡೆಗೇ ಹೋಗುತ್ತಿತ್ತು.

ಒಂದು ಮಾತು ಕೇಳಬಹುದಿತ್ತಲ್ಲ ಅವನು... ಒಂದೇ ಒಂದು ಮಾತು.

ಇತ್ತ, ಅವಳು ಕೆಲಸ ಬಿಟ್ಟ ವಾರವೇ, ಶುಕ್ರವಾರ ಲಿಯೋನೆಲ್ ಕಚೇರಿಗೆ ಬಂದಾಗ ಅವಳ ಕುರ್ಚಿ ಖಾಲಿಯಿತ್ತು. ವರದಿಯನ್ನು ಟೈಪ್ ಮಾಡಿದ್ದು ಯಾರೆಂದು ಶೆಣೈಯವರಿಂದ ತಿಳಿಯಿತು. ಬರೆದದ್ದು ಸತ್ಯವೇ ತಾನೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಸಮಾಧಾನ ಆಗಲಿಲ್ಲ.

ಬೇರೆ ಟೈಪಿಸ್ಟ್ ಸಿಗುವವರೆಗೆ ಅವಳ ಕೆಲಸವನ್ನು ತಾನೇ ಮಾಡುತ್ತೇನೆಂದ. ಪೆಟ್ಟಿಗೆಯಿಂದ ಕಾರ್ಡು ತೆಗೆದು ಅರುವತ್ತೊಂದು ಹೆಸರನ್ನೂ ಮತ್ತೆ ತುಂಬಿದ. ಆಮೇಲೆ ದಾನಿಗಳಿಗೆ ಪತ್ರ ಬರೆಯಲು ಕುಳಿತ.

ಒಂದು ಪತ್ರವನ್ನು ಪ್ರಿಂಟ್ ತೆಗೆದ. ಗೆರೆ ಕೆಳಗೆ, ಪತ್ರದಲ್ಲೇ ಮಿಣುಕುತ್ತಿತ್ತು. ಹಳೆಯ ವಿಳಾಸ ಅಳಿಸಲು ಎಫ್-6 ಒತ್ತಿದ. ಅಳಿಯಲಿಲ್ಲ. ಮತ್ತೊಮ್ಮೆ ಒತ್ತಲು ಹೋದವನ ಬೆರಳು ಗಾಳಿಯಲ್ಲೇ ನಿಂತಿತು.

ಮೇಲಿನ ಪಟ್ಟಿ ನೋಡಿದ. ಒಂದು ಹೆಸರು ಇರಲಿಲ್ಲ. ಕೆಳಗಿನ ಹೆಸರು ಸದ್ದಿಲ್ಲದೆ ಮೇಲೇರಿ ಆ ಜಾಗವನ್ನು ತುಂಬಿಕೊಂಡಿತ್ತು.

ಪ್ರಿಂಟ್ ಆದ ಮೇಲೆ ಗೆರೆ ಕೆಳಗೆ ಮಿಣುಕುತ್ತಿದ್ದರೂ ಮೊದಲು ಒತ್ತಿದ ಕೀಯ ಆಜ್ಞೆ ಹೋಗುತ್ತಿದ್ದುದು ಮೇಲಿನ ಪಟ್ಟಿಗೆ, ಎರಡನೆಯದ್ದು ಮಾತ್ರ ಪತ್ರಕ್ಕೆ. ತಾನು ಪರೀಕ್ಷೆ ಮಾಡುವಾಗ ಒಮ್ಮೆಯೂ ಪ್ರಿಂಟ್ ತೆಗೆದಿರಲಿಲ್ಲ. ಆಗಸ್ಟಿನಲ್ಲೇ ಅವಳು ಹೇಳಿದ್ದಳು... ತಾನು ನಕ್ಕಿದ್ದ.

ಅಂದೇ ಅವನು ಶೆಣೈಯವರ ಎದುರು ನಿಂತು ಎಲ್ಲವನ್ನೂ ಒಪ್ಪಿಕೊಂಡ. ಒಂದು ವಾರ ಕುಳಿತು ಪ್ರೋಗ್ರಾಂ ತಿದ್ದಿದ. ಆಜ್ಞೆ ಯಾವ ಭಾಗಕ್ಕೆ ಹೋಗುತ್ತದೋ ಆ ಭಾಗದ ಸುತ್ತ ಈಗ ದಪ್ಪ ಚೌಕಟ್ಟು ಮೂಡುತ್ತಿತ್ತು. ಹೆಸರು ಅಳಿಸುವ ಮುಂಚೆ ಯಂತ್ರ, ಅಳಿಸಲೇ ಎಂದು ಕೇಳುತ್ತಿತ್ತು.

ನವೆಂಬರಿನ ಎರಡನೆಯ ಭಾನುವಾರ. ಪೂಜೆ ಮುಗಿಸಿ ಕಾಪುವಿನ ಇಗರ್ಜಿಯ ಮೆಟ್ಟಿಲಿಳಿದ ಝೀಟಾಳಿಗೆ ಎದುರಿಗೆ ಲಿಯೋನೆಲ್ ಕಂಡ. ಕೆನ್ನೆ ಇಳಿದಿತ್ತು, ಕೈಯಲ್ಲಿ ಒಂದು ಲಕೋಟೆ. ಅಮ್ಮನನ್ನು ಮುಂದೆ ಕಳಿಸಿ, ಅವಳು ಗೋಡೆಯ ಬದಿಯ ನೆರಳಲ್ಲಿ ನಿಂತಳು.

ಅವನು ಲಕೋಟೆ ಕೊಟ್ಟ. ಹೊಸ ವರದಿ. ತಾನೇ ಎರಡು ಬೆರಳಲ್ಲಿ ಕುಟ್ಟಿ ಟೈಪ್ ಮಾಡಿದ್ದನೇನೋ, ಸಾಲಿಗೊಂದು ತಪ್ಪು. ದೋಷ ಪ್ರೋಗ್ರಾಂನಲ್ಲಿತ್ತು, ಅದನ್ನು ಬರೆದವನು ನಾನು, ಕುಮಾರಿ ಝೀಟಾ ಮತಾಯಸ್ ಆಗಸ್ಟಿನಲ್ಲೇ ಎಚ್ಚರಿಸಿದ್ದರೂ ನಾನು ಕೇಳಲಿಲ್ಲ ಎಂದಿತ್ತು. ಕೆಳಗೆ ಅವನ ಸಹಿ. ಜೊತೆಗೆ ಅವಳನ್ನು ಮತ್ತೆ ಕೆಲಸಕ್ಕೆ ಕರೆದ ಶೆಣೈಯವರ ಪತ್ರ.

ಅವಳು ಎರಡು ಸಲ ಓದಿದಳು.

“ನೀವು ತಪ್ಪು ಬರೆದದ್ದಕ್ಕೆ ನನಗೆ ಅಷ್ಟು ಬೇಸರ ಇಲ್ಲ. ಬರೆಯುವ ಮೊದಲು ನನ್ನ ಹತ್ತಿರ ಒಂದು ಮಾತು ಕೇಳಲಿಲ್ಲ, ಅದಕ್ಕೆ.”

“ಗೊತ್ತುಂಟು,” ಎಂದ ಅವನು. “ನಿಮ್ಮ ಪರ ಪಕ್ಷಪಾತ ಮಾಡಿದೆ ಅಂತ ಯಾರೂ ಹೇಳಬಾರದು ಅಂತ ದೂರ ನಿಂತು ಬರೆದೆ. ಯಾಕೆಂದರೆ ನನಗೆ ಪಕ್ಷಪಾತ ಇತ್ತು... ಈಗಲೂ ಉಂಟು. ನಿಮ್ಮನ್ನು ಬಿಟ್ಟು ಒಂದು ದಿನ ಕಳೆಯುವುದೂ ನನಗೆ ಕಷ್ಟ, ಝೀಟಾ. ಮನಸ್ಸಿನಲ್ಲಿದ್ದದ್ದನ್ನು ಹೇಳದೆ ಅಲ್ಲಿಯೂ ತಪ್ಪು ಮಾಡಿದೆ.”

ಇಗರ್ಜಿಯ ಅಂಗಳ ಖಾಲಿಯಾಗಿತ್ತು. ಅವಳು ವರದಿಯನ್ನೂ ಪತ್ರವನ್ನೂ ಮತ್ತೆ ಲಕೋಟೆಗೆ ಸೇರಿಸಿದಳು.

“ಸೋಮವಾರದಿಂದ ಬರ್ತೇನೆ ಅಂತ ಶೆಣೈಯವರಿಗೆ ಹೇಳಿ,” ಎಂದಳು.

“ಮತ್ತೆ ನನಗೆ?”

ಅವಳು ಲಕೋಟೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು. ಮುಖ ತಗ್ಗಿಸಿದ್ದರೂ ತುಟಿಯಲ್ಲಿ ನಗು ಅಡಗಲಿಲ್ಲ.

“ಮನೆಗೆ ಬನ್ನಿ. ಊಟಕ್ಕೆ ಒಬ್ಬರು ಹೆಚ್ಚು ಇದ್ದಾರೆ ಅಂತ ಅಮ್ಮನಿಗೆ ಹೇಳ್ತೇನೆ.”

“ಇವತ್ತಿಗೆ ಮಾತ್ರವಾ?”

ಅವಳು ಮುಂದೆ ನಡೆದವಳು ನಿಂತು, ಅವನು ಜೊತೆಗೂಡುವವರೆಗೆ ಕಾದಳು.

“ನನ್ನ ಮಟ್ಟಿಗೆ ಇವತ್ತಿಗೆ ಮಾತ್ರ ಅಲ್ಲ, ಲಿಯೋನೆಲ್. ಉಳಿದದ್ದನ್ನು ಅಮ್ಮನ ಹತ್ತಿರ ನೀವೇ ಕೇಳಿ. ಊಟ ಆದ ಮೇಲೆ.”