ನಿಂಗರಾಜನ ಮನೆಯ ಕುಡಿಕೆ

‘ಅದ್ರ ಬಾಯಿ ಬಿಚ್ಚಬ್ಯಾಡಿ ಸ್ವಾಮಿ. ಅಂಗೇ ನಾಲೆಗೆ ಹಾಕ್ಬುಡಿ,’ ಎಂದು ದೊಡ್ಡತಾಯಮ್ಮ ಹೇಳಿದಾಗ ಸಬ್‌ಇನ್‌ಸ್ಪೆಕ್ಟರ್ ಶಂಕರ್ ನಕ್ಕುಬಿಟ್ಟ.

ಅರಕೆರೆಯ ಆ ಮನೆಯ ಹಿತ್ತಲಲ್ಲಿ, ಬಾವಿಕಟ್ಟೆಯ ಮೇಲೆ ಒಂದು ಮಣ್ಣಿನ ಕುಡಿಕೆಯಿತ್ತು. ಬಾಯಿಗೆ ಕರಿಬಟ್ಟೆ, ಅದರ ಮೇಲೆ ಅರಗು. ಮುದುಕಿಯ ಮಗ ನಿಂಗರಾಜು ಲಾಕಪ್ಪಿನಲ್ಲಿದ್ದ. ಪಕ್ಕದ ಮನೆಯ ಹುಡುಗಿ ಅರ್ಪಿತಳನ್ನು ನಾಲೆಗೆ ನೂಕಿ ಕೊಂದದ್ದು ತಾನೇ ಎಂದು ಒಪ್ಪಿಕೊಂಡಿದ್ದ. ಹೆರಿಗೆಯಲ್ಲಿ ತೀರಿಕೊಂಡ ಅವನ ಹೆಂಡತಿ ಈ ಕುಡಿಕೆಯೊಳಗಿಂದ ಕೂಗುತ್ತಿದ್ದಳಂತೆ. ತನ್ನ ಬದಲಿಗೆ ಒಂದು ಜೀವ ಕೊಟ್ಟರೆ ಮನೆಗೆ ಬರುತ್ತೇನೆ ಅಂದಳಂತೆ. ಕೊಟ್ಟ. ಅವಳು ಬರಲಿಲ್ಲ. ಕುಡಿಕೆ ಮಾಡಿಕೊಟ್ಟ ಮಂತ್ರವಾದಿಯನ್ನು ಹುಡುಕಿಕೊಂಡು ಪೊಲೀಸರು ಸಂತೆಬಾಚಹಳ್ಳಿ ಕಡೆಗೆ ಹೋದರೆ, ಗುಡಿಸಲಿನಲ್ಲಿ ತಣ್ಣನೆಯ ಬೂದಿ ಬಿಟ್ಟು ಏನೂ ಸಿಗಲಿಲ್ಲ.

ಹೇಳಿಕೆ ಬರೆಸಿಕೊಳ್ಳುವಾಗಲೇ ಶಂಕರ್ ಇದನ್ನೆಲ್ಲ ಆಡಿಕೊಂಡು ನಕ್ಕಿದ್ದ. ಈ ಠಾಣೆಗೆ ವರ್ಗವಾಗಿ ಬಂದು ಹೆಚ್ಚು ದಿನವಾಗಿರಲಿಲ್ಲ. ಕಳೆದ ಮಳೆಗಾಲದಲ್ಲಿ ಡೆಂಗೆ ಜ್ವರಕ್ಕೆ ಹೋದ ಮಗ ಸಿದ್ಧಾರ್ಥನನ್ನು ಮಣ್ಣು ಮಾಡಿದ ಮೇಲೆ ಅವನು ದೇವರನ್ನೇ ಬಿಟ್ಟಿದ್ದ. ಇನ್ನು ಮಾಟಕ್ಕೆಲ್ಲಿ ಹೆದರುತ್ತಾನೆ?

ಕುಡಿಕೆಯ ಜಪ್ತಿಗೆ ಸಾಕ್ಷಿಗಳನ್ನು ಕರೆತರಲು ಕಾನ್‌ಸ್ಟೆಬಲ್ ಚಿಕ್ಕಸ್ವಾಮಿ ಬೀದಿಗೆ ಹೋಗಿದ್ದ. ಅವನು ಬರುವವರೆಗೆ ಕಾಯಬೇಕಿತ್ತು. ಶಂಕರ್ ಕಾಯಲಿಲ್ಲ.

ಅರಗು ಚಟ್ಟನೆ ಬಿರಿಯಿತು. ಅಲ್ಲಿಯವರೆಗೆ ಗಾಳಿಯಲ್ಲಿ ಆಲೆಮನೆಯ ಬೆಲ್ಲದ ಘಮವಿತ್ತು. ಅದು ಸತ್ತುಹೋಯಿತು. ಸುಟ್ಟ ಕೂದಲು, ಹಳಸಿದ ಹಾಲು, ಒದ್ದೆ ಬೂದಿ. ಮಟಮಟ ಮಧ್ಯಾಹ್ನದಲ್ಲೂ ಕುಡಿಕೆಯೊಳಗೆ ತಳ ಕಾಣದ ಕತ್ತಲು. ಬೇಲಿಯಾಚೆ ಸರಗುಡುತ್ತಿದ್ದ ಕಬ್ಬಿನ ಗರಿಗಳು ಸದ್ದಡಗಿ ನಿಂತವು. ಆಮೇಲೆ ಇನ್ನೊಂದು ವಾಸನೆ ಮೂಗಿಗೆ ಬಂತು. ಜ್ವರದಲ್ಲಿ ಬೆವೆತ ಮಗುವಿನ ನೆತ್ತಿಯ ವಾಸನೆ. ಶಂಕರ್ ಕುಡಿಕೆಯ ಮೇಲೆ ಬಗ್ಗಿದ.

‘ಅಪ್ಪಾ.’

ಅವನ ಮಗನದೇ ದನಿ. ಮುಂದಿನ ಹಲ್ಲು ಬಿದ್ದಮೇಲೆ ಬಂದ ತೊದಲೂ ಸಮೇತ.

‘ಅಪ್ಪಾ, ಚಳಿ. ನನ್ನ ಕರ್ಕೊಂಡೋಗು.’

‘ಓ,’ ಎಂದ ಶಂಕರ್. ಯೋಚಿಸಿ ಅಂದದ್ದಲ್ಲ. ಯಾವ ತಂದೆಯಾದರೂ ಅನ್ನುವಂತೆ ಅಂದ.

‘ಅಜ್ಜೀನ ಬಾವಿಗೆ ಕೊಡು. ನಾನು ಬತ್ತೀನಿ.’

ದೊಡ್ಡತಾಯಮ್ಮ ಬಾವಿಕಟ್ಟೆಗೆ ಒರಗಿ ನಿಂತಿದ್ದಳು. ಒಣಗಿದ ಕಡ್ಡಿಯಂಥ ಮುದುಕಿ. ಒಂದು ತಳ್ಳು ಸಾಕು. ಕಾಲು ಜಾರಿತು ಎಂದರೆ ಯಾರು ಕೇಳುತ್ತಾರೆ? ಮನೆಯಲ್ಲಿ ಹೆಂಡತಿ ಸ್ನೇಹ ಬಾಗಿಲು ತೆಗೆಯುತ್ತಾಳೆ, ಅವನ ತೋಳಲ್ಲಿ ಮಗುವಿರುತ್ತದೆ. ಅಷ್ಟು ಹೊತ್ತಿಗೆ ಅವನ ಕೈ ಮುದುಕಿಯ ಭುಜದ ಮೇಲಿತ್ತು. ಯಾವಾಗ ಇಟ್ಟನೋ ಅವನಿಗೇ ಗೊತ್ತಿರಲಿಲ್ಲ. ಅವಳ ಬೆನ್ನು ಕಟ್ಟೆಯ ಮೇಲೆ ಹಿಂದಕ್ಕೆ ಬಾಗಿತ್ತು.

ಅವಳು ಕೂಗಲಿಲ್ಲ. ಅವನ ಮುಖವನ್ನೇ ನೋಡುತ್ತಿದ್ದಳು.

‘ಯಾರಪ್ಪ ಕೂಗ್ತಾ ಅವ್ರೆ?’

‘ಮಗ.’

ಅವಳ ಕಣ್ಣು ತುಂಬಿತು. ‘ನನ್ನವನಲ್ಲ ಅಂದ್ಬುಡು ಮಗ. ಅಂದ್ರೆ ಬುಟ್ಬುಡ್ತದೆ. ನಮ್ ನಿಂಗ್ರಾಜಂಗೆ ಅಷ್ಟ್ ಹೇಳ್ದೆ. ಅವ್ನ ಬಾಯಲ್ಲಿ ಆ ಮಾತು ಬರ್ನಿಲ್ಲ.’

‘ಅಪ್ಪಾ. ಬೇಗ. ಅಪ್ಪಾ.’

ಕೂಗು ಅಳುವಾಯಿತು. ಆಸ್ಪತ್ರೆಯಲ್ಲಿ ಕೊನೆಯ ಬೆಳಗ್ಗೆ ಅತ್ತದ್ದೇ ಅಳು. ಇನ್ನೊಂದು ಕ್ಷಣ ಕೇಳಿದರೆ ತಳ್ಳಿಬಿಡುತ್ತಾನೆ. ಅವನಿಗೇ ಗೊತ್ತಾಯಿತು.

‘ನೀನು ನನ್ನ ಮಗನಲ್ಲ,’ ಎಂದ.

ಅಳು ನಿಂತಿತು. ಕುಡಿಕೆ ಎರಡು ಹೋಳಾಗಿ ಬಿತ್ತು. ಒಳಗೆ ತುಕ್ಕು ಹಿಡಿದ ಮೊಳೆ, ಒಂದು ಹಿಡಿ ಕೂದಲು. ಬೇಲಿಯಾಚೆ ಕಬ್ಬು ಮತ್ತೆ ಸರಗುಟ್ಟಿತು. ಶಂಕರ್ ಮುದುಕಿಯನ್ನು ಎತ್ತಿ ಕೂರಿಸಿದ, ಪಕ್ಕದಲ್ಲೇ ಕುಸಿದು ಕೂತ. ಸಾಕ್ಷಿಗಳೊಂದಿಗೆ ಬಂದ ಚಿಕ್ಕಸ್ವಾಮಿ ಕಂಡದ್ದು, ಸಾಹೇಬರ ತಲೆ ಸವರುತ್ತಾ ಕೂತಿದ್ದ ದೊಡ್ಡತಾಯಮ್ಮನನ್ನು.

ಠಾಣೆಗೆ ಮರಳಿದ ಶಂಕರ್ ಲಾಕಪ್ಪಿನ ಮುಂದೆ ನಿಂತ. ನಿಂಗರಾಜು ಅವನ ಮುಖ ನೋಡಿದ್ದೇ ಕಂಬಿ ಹಿಡಿದು ಅತ್ತ.

ಸಂಜೆ ಶ್ರೀರಂಗಪಟ್ಟಣದ ಕ್ವಾರ್ಟರ್ಸಿಗೆ ಬಂದರೆ ಸ್ನೇಹ ಮಂಚದ ಮೇಲೆ ಮೊಬೈಲು ಹಿಡಿದು ಕೂತಿದ್ದಳು. ಸಿದ್ಧಾರ್ಥನ ಹಳೆಯ ವಿಡಿಯೊ. ಶಂಕರ್ ಪಕ್ಕದಲ್ಲಿ ಕೂತ. ತೆರೆಯ ಮೇಲೆ ಮಗ ಮಂಚದಿಂದ ಮಂಚಕ್ಕೆ ಜಿಗಿಯುತ್ತಾ ಬಾಯಗಲಿಸಿ ಏನೋ ಹೇಳುತ್ತಿದ್ದ. ವಿಡಿಯೊದೊಳಗೆ ಕುಕ್ಕರು ಕೂಗಿದ್ದು ಶಂಕರನಿಗೆ ಕೇಳಿಸಿತು. ಸ್ನೇಹ ಗದರಿದ್ದು ಕೇಳಿಸಿತು. ಮಗನ ತುಟಿ ಮಾತ್ರ ಅಲುಗುತ್ತಿತ್ತು. ಅವನು ಮೊಬೈಲು ಕಿತ್ತುಕೊಂಡು ಕಿವಿಗೊತ್ತಿ ಹಿಡಿದ. ಕಣ್ಣು ಮುಚ್ಚಿ ಆ ದನಿಯನ್ನು ನೆನೆದ. ನೆನಪಿನಲ್ಲೂ ಇರಲಿಲ್ಲ.

‘ಕೇಳಿ, ನಿಮ್ಮನ್ನೇ ಕರೀತಾ ಅವ್ನೆ,’ ಎಂದಳು ಸ್ನೇಹ, ಕಣ್ಣೀರಿನಲ್ಲೇ ನಗುತ್ತಾ.

‘ಹೂಂ,’ ಎಂದ ಶಂಕರ್.