ಎರವಲು ಒಪ್ಪಿಗೆ

ಕುರ್ಚಿಯ ತಲೆದಿಂಬಿನ ಮೇಲಿದ್ದ ದೀಪ ಮೂರನೆಯ ಸಲವೂ ಕೆಂಪಗೇ ಉಳಿಯಿತು. "ಒಪ್ಪಿಗೆ ಎರವಲಿನದು," ಎಂದು ಯಂತ್ರ ವಿನಯದಿಂದ ನುಡಿಯಿತು. ಸೂಜಿ, ಇಕ್ಕಳಗಳಿದ್ದ ಪೆಟ್ಟಿಗೆ ಜಪ್ಪಯ್ಯ ಅಂದರೂ ತೆರೆಯಲಿಲ್ಲ.

ಗದಗಿನ ದಂತವೈದ್ಯೆ ಡಾ. ಪ್ರಭಾವತಿ ಅಂಗಡಿ ಕೈಗವಸು ಕಳಚಿದರು. ಕುರ್ಚಿಯಲ್ಲಿ ಕೂತಿದ್ದ ನೀಲವ್ವನ ಬಲಗೆನ್ನೆ ಹೂರಣ ತುಂಬಿದ ಕಡುಬಿನಂತೆ ಉಬ್ಬಿತ್ತು. ದವಡೆ ಹಲ್ಲಿನ ಬುಡದಲ್ಲಿ ಕೀವಾಗಿತ್ತು. ಇವತ್ತೇ ಏನಾದರೂ ಮಾಡದಿದ್ದರೆ ಸೋಂಕು ಕುತ್ತಿಗೆಗೆ ಇಳಿಯುವ ಭಯವಿತ್ತು.

ಇದು ಇಸವಿ ೨೦೬೧ರ ಮಾತು. ಹಿಂದೆಲ್ಲ ರೋಗಿ ಒಂದು ಕಾಗದಕ್ಕೆ ಸಹಿ ಹಾಕಿದರೆ ಸಾಕಿತ್ತು, ಅದನ್ನು ಓದಿದ ಪುಣ್ಯಾತ್ಮರು ಯಾರೂ ಇರಲಿಲ್ಲ. ಹಲ್ಲು ಹೋದ ಮೇಲೆ "ನನಗೆ ಯಾರೂ ಹೇಳಲೇ ಇಲ್ಲ" ಎಂದು ಕೋರ್ಟಿಗೆ ಹೋಗುವವರು ಹೆಚ್ಚಿದ್ದರಿಂದ ಸ್ವಂತ ಸಮ್ಮತಿ ಕಾಯ್ದೆ ಬಂತು, ಅದರ ಬೆನ್ನಿಗೇ ಸಮ್ಮತಿಮಾಪಕವೂ ಬಂತು. ಹಣೆಗೆ ಕಟ್ಟುವ ತೆಳುವಾದ ಪಟ್ಟಿಯೊಂದು ಮಿದುಳಿನ ಅಲೆಗಳನ್ನು ಓದುತ್ತದೆ. ಮನುಷ್ಯ ತನಗೆ ಬೇಕೆಂದು "ಹೂಂ" ಅಂದಾಗ ಏಳುವ ಅಲೆ ಬೇರೆ, ಇನ್ನೊಬ್ಬರ ಸಲುವಾಗಿ "ಹೂಂ" ಅಂದಾಗ ಏಳುವ ಅಲೆ ಬೇರೆ. ಮೊದಲನೆಯದಕ್ಕೆ ಮಾತ್ರ ದೀಪ ಹಸಿರಾಗಿ ಪೆಟ್ಟಿಗೆ ತೆರೆಯುತ್ತದೆ. ಎಚ್ಚರ ತಪ್ಪಿದವರಿಗೆ ವಿನಾಯಿತಿ ಉಂಟು. ನೀಲವ್ವನಿಗೆ ದುರದೃಷ್ಟವಶಾತ್ ಪೂರ್ತಿ ಎಚ್ಚರವಿತ್ತು.

"ನೀಲವ್ವಾ, ಹಲ್ಲು ತಗೀಲೇನು?"

"ಅವರನ್ನ ಕೇಳ್ರಿ," ಎಂದಳು ನೀಲವ್ವ, ಗಂಡನ ಕಡೆ ಕಣ್ಣು ಹೊರಳಿಸಿ.

"ತಗೀರಿ ಅಂತ ನಾ ಆಗಳೇ ಹೇಳೀನಲ್ರಿ!" ಫಕೀರಪ್ಪ ಗುಡುಗಿದ. ಗಂಡಹೆಂಡಿರದು ಬಸ್ ನಿಲ್ದಾಣದ ಹತ್ತಿರ ರೊಟ್ಟಿಯ ಖಾನಾವಳಿ. ಒಲೆ ಅವಳದು, ಮಾತು ಇವನದು. "ಲೇ, ಹೂಂ ಅನ್ನು."

"ಹೂಂ," ಎಂದಳು ನೀಲವ್ವ. ದೀಪ ಇನ್ನಷ್ಟು ಕೆಂಪಾಯಿತು.

ವೈದ್ಯೆ ಧಾರವಾಡಕ್ಕೆ ಕರೆಮಾಡಿದರು. ಯಂತ್ರವನ್ನು ಕಂಡುಹಿಡಿದ ವಿಜ್ಞಾನಿ ಡಾ. ವೆಂಕೋಬ ಕಟ್ಟಿ ಗೋಡೆಯ ತೆರೆಯ ಮೇಲೆ ಕಾಣಿಸಿಕೊಂಡು, ಅಲೆಗಳ ನಕ್ಷೆಯನ್ನು ನೋಡಿ ತಲೆಯಾಡಿಸಿದರು.

"ಯಂತ್ರ ಸರಿ ಅದರೀ. ಆಕೀಗೆ ಇಷ್ಟ ಇಲ್ಲ, ಅಷ್ಟೇ."

"ಮೂವತ್ತೊಂಬತ್ತು ವರ್ಷದಾಗ ಆಕಿ ಒಲ್ಲೆ ಅಂದಿದ್ದು ನಾ ಕೇಳೇ ಇಲ್ರಿ!" ಎಂದ ಫಕೀರಪ್ಪ. "ನಿಮ್ಮ ಪಟ್ಟಿ ನನ್ನ ಹಣಿಗೆ ಕಟ್ರಿ, ಎಷ್ಟು ಹಸಿರು ಬೇಕೋ ಅಷ್ಟು ಕೊಡತೀನಿ."

"ಹಲ್ಲು ನಿಮ್ಮದಲ್ಲಲ್ರೀ."

"ಹೆಂಡತಿ ನನ್ನಾಕಿ ಹೌದಲ್ರೀ?"

ಕಟ್ಟಿಯವರು ಮತ್ತೆ ನಕ್ಷೆಯ ಕಡೆಗೇ ತಿರುಗಿದರು. "ಬೇರೆ ಚಿಕಿತ್ಸೆಗಳನ್ನೂ ಹೇಳೀರೇನು? ಕಾಯ್ದೆಯ ಮೂರನೇ ಕಲಮು ಅದನ್ನ ಕೇಳತದ," ಎಂದು ವೈದ್ಯೆಯನ್ನು ಕೇಳಿದರು.

"ಎಲ್ಲಾ ಹೇಳೀನ್ರೀ," ಎಂದ ವೈದ್ಯೆ ಅಲ್ಲಿಗೇ ಮಾತು ತಡೆದರು. ಹೇಳಿದ್ದರು, ನಿಜ. ಆದರೆ ಹೇಳಿದ್ದು ಫಕೀರಪ್ಪನಿಗೆ. ಹದಿನೆಂಟು ವರ್ಷಗಳಿಂದ ಅವರು ಹೀಗೇ ಹೆಂಡತಿಯ ಬಾಯಿ ತೆರೆಸಿ ಗಂಡನ ಜೊತೆ ಮಾತಾಡುತ್ತ ಬಂದಿದ್ದರು. ಅವರಿಗೆ ನಾಚಿಕೆಯಾಯಿತು.

ಗೋಡೆಯ ತೆರೆಯನ್ನು ಆರಿಸಿ, ಫಕೀರಪ್ಪನನ್ನು ಹೊರಗೆ ಕೂಡಿಸಿ, ಬಾಗಿಲು ಹಾಕಿಕೊಂಡು ಬಂದು ಕುರ್ಚಿಯ ಪಕ್ಕದಲ್ಲಿ ಕೂತರು.

"ಈಗ ಹೇಳವ್ವಾ. ನಿನಗೇನು ಬೇಕು?"

ನೀಲವ್ವ ಬಾಗಿಲನ್ನು ನೋಡಿದಳು, ಛಾವಣಿಯನ್ನು ನೋಡಿದಳು.

"ಎಡಗಡಿ ಹಲ್ಲು ಆಗಳೇ ಹೋಗ್ಯಾವ್ರಿ. ಇದೂ ಕಿತ್ತರ ಕಡಕ್ ರೊಟ್ಟಿ ಹೆಂಗ ಕಡೀಲಿ? ಗಿರಾಕಿ ಊಟ, ಮನೀ ಮಂದಿ ಊಟ ಎಲ್ಲಾ ಮುಗದ ಮ್ಯಾಲೆ ಒಬ್ಬಾಕಿನ ಕುಂತು ಒಂದು ರೊಟ್ಟಿ ಕಟಕಟ ಅಂತ ಕಡೀತೀನಿ. ಅದೊಂದ ನನ್ನ ಸುಖಾ."

"ಹಲ್ಲು ಉಳಿಸಾಕ ಬರತೈತಿ. ಇವತ್ತ ಕೀವು ತಗದು, ಮುಂದ ಬೇರು ಸ್ವಚ್ಛ ಮಾಡಬೇಕು. ಮೂರು ಸಲ ಬರಬೇಕು. ನೋವಾಗತೈತಿ, ಉಳದ ಉಳೀತೈತಿ ಅಂತ ಖಾತ್ರಿನೂ ಇಲ್ಲ."

"ಉಳಸ್ರಿ!"

ಮಾತು ಮುಗಿಯುವ ಮೊದಲೇ ದೀಪ ಹಸಿರಾಗಿ ಪೆಟ್ಟಿಗೆ ಫಟ್ಟನೆ ತೆರೆದುಕೊಂಡಿತು. ಸದ್ದಿಗೆ ಬೆಚ್ಚಿದ ನೀಲವ್ವ, "ಅಯ್ಯ, ನಾ ಏನೂ ಮುಟ್ಟಿಲ್ರೀ," ಎಂದಳು.

ಹೊರಗೆ ಕಾದಿದ್ದ ಫಕೀರಪ್ಪ ವಿಷಯ ತಿಳಿದು ಹೌಹಾರಿದ. "ಮೂರು ಸಲ? ಯಾರು ಕರಕೊಂಡು ಬರೋರು?"

"ಬಸ್ ಐತಲ್ಲ," ಎಂದಳು ನೀಲವ್ವ, ಬಾಯಿಯ ಹತ್ತಿಯನ್ನು ಸರಿಸಿ.

ಹಲ್ಲು ಉಳಿಯಿತು. ವೈದ್ಯರನ್ನು ಕೋರ್ಟಿನಿಂದ ಕಾಪಾಡಲೆಂದೇ ಹುಟ್ಟಿದ ಯಂತ್ರದ ಸುದ್ದಿ ಖಾನಾವಳಿಯಿಂದ ಓಣಿಗೆ, ಓಣಿಯಿಂದ ಸಂತೆಗೆ ಹಬ್ಬಿತು. ಮುಂದಿನ ತಿಂಗಳಿಂದ ಪ್ರಭಾವತಿಯವರ ಆಸ್ಪತ್ರೆಯ ಮುಂದೆ ಹೆಂಗಸರ ಸಾಲು ಬೆಳೆಯತೊಡಗಿತು. ಒಬ್ಬೊಬ್ಬರ ಹಲ್ಲೂ ಮುತ್ತಿನಂತಿದ್ದವು. ಏನು ತೊಂದರೆ ಎಂದರೆ ಮುಸಿಮುಸಿ ನಗುತ್ತಿದ್ದರು. "ತೊಂದರೆ ಏನೂ ಇಲ್ರಿ. ಬಾಗಿಲಾ ಹಾಕಿ, ಏನು ಬೇಕು ಅಂತ ಕೇಳತೀರಂತಲ್ಲ?"

ಸುದ್ದಿ ಧಾರವಾಡ ಮುಟ್ಟಿ ಕಟ್ಟಿಯವರಿಗೆ ಸಿಟ್ಟು ಬಂತು. ರೋಗವಿಲ್ಲದವರಿಗೆ ಯಂತ್ರ ಬಳಸುವುದು ನಿಯಮಬಾಹಿರವೆಂದು ದೀರ್ಘವಾದ ಪತ್ರ ಬರೆದರು. ಪ್ರಭಾವತಿಯವರಿಗೂ ಅದು ಸರಿಯೆನ್ನಿಸಿತು. ಇನ್ನು ಹಲ್ಲುನೋವಿದ್ದವರಿಗೆ ಮಾತ್ರ ಪ್ರವೇಶ ಎಂದು ಬಾಗಿಲಿಗೆ ಚೀಟಿ ಅಂಟಿಸಿ ಒಳಗೆ ಬಂದರೆ, ಬೆಟಗೇರಿಯ ನೇಕಾರರ ಮನೆಯ ಗುರುಬಸವ್ವಜ್ಜಿ ಆಗಲೇ ಕುರ್ಚಿ ಹತ್ತಿ ಹಣೆಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದಳು. ವಯಸ್ಸು ಎಂಬತ್ತಾರು.

"ಎಲ್ಲಿ, ಬಾಯಿ ತಗೀರಜ್ಜಿ."

ಅಜ್ಜಿ ತೆರೆದಳು. ಮೇಲೆ, ಕೆಳಗೆ, ಬರೀ ವಸಡು.

"ಅಜ್ಜೀ, ನಿಮಗ ಹಲ್ಲ ಇಲ್ಲಲ್ರೀ!"

"ಅದು ನನಗೂ ಗೊತ್ತೈತಿ ಬಿಡವ್ವ," ಎಂದಳು ಅಜ್ಜಿ, ಸೆರಗು ಸರಿಮಾಡಿಕೊಳ್ಳುತ್ತ. "ನೀ ಕೇಳೂದು ಕೇಳು."

ಪ್ರಭಾವತಿಯವರು ಬಾಗಿಲು ಹಾಕಿ ಬಂದು ಪಕ್ಕದಲ್ಲಿ ಕೂತರು.